ಕೋವಿಡ್ ಹೋಯಿತು, ಲಿವರ್ ರಿಪೋರ್ಟ್ ಉಳಿಯಿತು

ಕೋವಿಡ್ ಎಂದರೆ ಶ್ವಾಸಕೋಶದ ಕಾಯಿಲೆ ಎಂದೇ ನಾವೆಲ್ಲ ತಿಳಿದಿದ್ದೆವು. 2020 ಮತ್ತು 2021ರಲ್ಲಿ ಮನೆಯವರೆಲ್ಲ ಸರದಿಯಂತೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಕೂತಿದ್ದು ನಮಗೆ ಇನ್ನೂ ನೆನಪಿದೆ. ಆದರೆ ಆಸ್ಪತ್ರೆಯಿಂದ ಮನೆಗೆ ಬಂದವರ ಫೈಲಿನಲ್ಲಿ ಇನ್ನೊಂದು ಹಾಳೆಯೂ ಇರುತ್ತಿತ್ತು: ಎಲ್‌ಎಫ್‌ಟಿ, ಅಂದರೆ ಲಿವರ್ ಫಂಕ್ಷನ್ ಟೆಸ್ಟ್. ಅದರಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಸಾಲುಗಳ ಮುಂದೆ ದಪ್ಪ ಅಕ್ಷರದಲ್ಲಿ ಅಂಕಿ, ಪಕ್ಕದಲ್ಲಿ ಮೇಲಕ್ಕೆ ತೋರಿಸುವ ಬಾಣ. ಆ ಬಾಣ ಕಂಡ ಕೂಡಲೇ ಮನೆಯವರು ಎರಡು ಕೆಲಸ ಮಾಡುತ್ತಾರೆ. ಮೊದಲು ಹೆದರುತ್ತಾರೆ. ಆಮೇಲೆ ಲಿವರ್‌ಗೆ ತಾಕತ್ತು ಕೊಡುವ ಔಷಧಿ ಯಾವುದು ಎಂದು ಹುಡುಕಲು ಹೊರಡುತ್ತಾರೆ. ನಾನು ಹೆಚ್ಚಾಗಿ ಹೇಳಬೇಕೆಂದಿರುವುದು ಆ ಎರಡನೇ ಕೆಲಸದ ಬಗ್ಗೆ.

ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಈ ಅಂಗವನ್ನು ಜಿಗರ್ ಎನ್ನುತ್ತೇವೆ. ಧೈರ್ಯಕ್ಕೂ ಅದೇ ಪದ, ಜೀವದ ಗೆಳೆಯನಿಗೂ ಅದೇ ಪದ. ಬಕ್ರೀದ್ ದಿನ ಎಲ್ಲಕ್ಕಿಂತ ಮೊದಲು ಒಲೆಯ ಮೇಲೆ ಏರುವ ಕಲೇಜಿ ಕುರಿಯ ಇದೇ ಅಂಗ. ಕನ್ನಡದಲ್ಲಿ ಪಿತ್ತಜನಕಾಂಗ, ಯಕೃತ್ತು ಎಂಬ ಹೆಸರುಗಳಿವೆ. ಆದರೆ ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ಲಿವರ್ ಎಂದೇ ಹೇಳುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ದೊಡ್ಡವರಲ್ಲಿ ಅದರ ತೂಕ ಸುಮಾರು ಒಂದೂವರೆ ಕೆ.ಜಿ. ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ ಇರುತ್ತದೆ. ಕರುಳು ಹೀರಿಕೊಂಡದ್ದರಲ್ಲಿ ಹೆಚ್ಚಿನದು ರಕ್ತದ ಜೊತೆ ಮೊದಲು ಇಲ್ಲಿಗೇ ಬರುತ್ತದೆ. ಸಕ್ಕರೆ ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು ತಯಾರಿಸುವುದು, ಪಿತ್ತರಸ ಸುರಿಸುವುದು, ನಾವು ನುಂಗುವ ಹೆಚ್ಚಿನ ಔಷಧಿಗಳನ್ನು ಒಡೆದು ಹೊರಹಾಕುವುದು, ಎಲ್ಲ ಇದರದೇ ಕೆಲಸ. ಒಂದು ಭಾಗ ಕತ್ತರಿಸಿ ತೆಗೆದರೂ ಉಳಿದದ್ದು ಮತ್ತೆ ಬೆಳೆಯುತ್ತದೆ. ಬದುಕಿರುವವರೇ ತಮ್ಮ ಲಿವರ್‌ನ ಒಂದು ಭಾಗವನ್ನು ದಾನ ಮಾಡಲು ಸಾಧ್ಯವಾಗಿರುವುದು ಅದಕ್ಕೇ.

ನಾನು ಕಾಮರ್ಸ್‌ನವಳು. ಬಯಾಲಜಿಗೂ ನನಗೂ ಹತ್ತನೇ ತರಗತಿಯಲ್ಲೇ ಲೆಕ್ಕ ಚುಕ್ತಾ ಆಗಿದೆ. ಆದ್ದರಿಂದ ಈ ರಿಪೋರ್ಟನ್ನು ಟ್ರಯಲ್ ಬ್ಯಾಲೆನ್ಸ್ ನೋಡುವ ಹಾಗೆ ನೋಡಲು ಕಲಿತೆ. ಎರಡು ಕಡೆಯ ಮೊತ್ತ ಹೊಂದಲಿಲ್ಲವೆಂದರೆ ಎಲ್ಲೋ ತಪ್ಪಾಗಿದೆ ಎಂದು ಗೊತ್ತಾಗುತ್ತದೆ, ಯಾವ ಖಾತೆಯಲ್ಲಿ ಎಂದು ಗೊತ್ತಾಗುವುದಿಲ್ಲ. ಲಿವರ್ ಟೆಸ್ಟ್ ಕೂಡ ಹಾಗೆಯೇ. ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಜೀವಕೋಶದ ಒಳಗೆ ಇರಬೇಕಾದ ಕಿಣ್ವಗಳು. ಕೋಶಕ್ಕೆ ಏಟು ಬಿದ್ದಾಗ ಅವು ರಕ್ತಕ್ಕೆ ಸೋರುತ್ತವೆ. ಸಾಮಾನ್ಯವಾಗಿ ಲೀಟರಿಗೆ ಸುಮಾರು 40 ಯೂನಿಟ್‌ವರೆಗೆ ಸರಿ ಎನ್ನುತ್ತಾರೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸವಿರುತ್ತದೆ. ಎಸ್‌ಜಿಒಟಿ ಮಾಂಸಖಂಡಗಳಲ್ಲೂ ಹೃದಯದಲ್ಲೂ ಇರುವುದರಿಂದ ಅದೊಂದೇ ಏರಿದ್ದರೆ ಲಿವರನ್ನೇ ದೂರಲು ಆಗುವುದಿಲ್ಲ. ಮೂರನೆಯದು ಆಲ್ಕಲೈನ್ ಫಾಸ್ಫಟೇಸ್. ಪಿತ್ತರಸದ ನಾಳಗಳಲ್ಲಿ ತೊಂದರೆಯಾದರೆ ಇದು ಏರುತ್ತದೆ. ಆದರೆ ನಮ್ಮ ವಯಸ್ಸಿನವರಲ್ಲಿ ಮೂಳೆ ಬೆಳೆಯುತ್ತಿರುವ ಕಾರಣಕ್ಕೂ ಇದು ದೊಡ್ಡವರಿಗಿಂತ ಹೆಚ್ಚಿರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಕಿಲ್ಲ. ನಾಲ್ಕನೆಯದು ಬಿಲಿರುಬಿನ್, ಕಣ್ಣು ಹಳದಿ ಮಾಡುವ ವಸ್ತು. ಹೆಸರು ಫಂಕ್ಷನ್ ಟೆಸ್ಟ್ ಎಂದಿದ್ದರೂ ಮೊದಲ ಮೂರು ಹೇಳುವುದು ಗಾಯದ ಸುದ್ದಿಯನ್ನು. ಲಿವರ್ ಕೆಲಸ ಮಾಡುತ್ತಿದೆಯೇ ಎಂಬುದು ಬಿಲಿರುಬಿನ್, ಆಲ್ಬುಮಿನ್ ಮತ್ತು ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದಿಂದ ತಿಳಿಯಬೇಕು.

ಈಗ ಕೋವಿಡ್ ವಿಷಯಕ್ಕೆ ಬರೋಣ. 2020ರಲ್ಲಿ ನಮ್ಮ ಬೌರಿಂಗ್ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು. ಆ ಹೊತ್ತಿಗೆ ಚೀನಾದಿಂದ ಬಂದಿದ್ದ ಮೊದಲ ವರದಿಗಳಲ್ಲಿ ಒಂದೊಂದು ಆಸ್ಪತ್ರೆ ಒಂದೊಂದು ಲೆಕ್ಕ ಕೊಟ್ಟಿತ್ತು: ರೋಗಿಗಳಲ್ಲಿ ಶೇಕಡಾ 14ರಿಂದ 53ರವರೆಗೆ ಲಿವರ್ ಕಿಣ್ವಗಳು ಏರಿದ್ದವು. ಹೆಚ್ಚಿನವರಲ್ಲಿ ಏರಿಕೆ ಸಣ್ಣದು, ಜ್ವರ ಇಳಿದ ಮೇಲೆ ತಾನಾಗಿ ಇಳಿಯುವಂಥದ್ದು. ವೈರಸ್ ಜೀವಕೋಶದ ಒಳಗೆ ಹೋಗಲು ಬಳಸುವ ಬಾಗಿಲಿಗೆ ಎಸಿಇ2 ಎಂದು ಹೆಸರು. ಆ ಬಾಗಿಲು ಲಿವರ್‌ನ ಮುಖ್ಯ ಕೋಶಗಳಿಗಿಂತ ಪಿತ್ತನಾಳದ ಒಳಪದರದ ಕೋಶಗಳಲ್ಲಿ ಹೆಚ್ಚು. ಆದರೂ ವೈರಸ್ ನೇರವಾಗಿ ಲಿವರನ್ನು ತಿಂದುಹಾಕಿತು ಎನ್ನುವ ಹಾಗಿಲ್ಲ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದದ್ದು, ದೇಹದ ರೋಗನಿರೋಧಕ ಶಕ್ತಿ ಹದ್ದು ಮೀರಿ ತನ್ನ ಮನೆಯನ್ನೇ ಹೊಡೆದದ್ದು, ಒಟ್ಟಿಗೆ ಕೊಟ್ಟ ಹಲವು ಔಷಧಿಗಳು, ಇವೆಲ್ಲ ಸೇರಿ ಆದ ಪೆಟ್ಟು ಅದು. ಮೊದಲೇ ಫ್ಯಾಟಿ ಲಿವರ್, ಸಕ್ಕರೆ ಕಾಯಿಲೆ ಅಥವಾ ಸಿರೋಸಿಸ್ ಇದ್ದವರಿಗೆ ಪೆಟ್ಟು ಜೋರಾಗಿ ಬಿತ್ತು.

ಕೋವಿಡ್ ಮುಗಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಲೆಕ್ಕವೊಂದು 2023ರಲ್ಲಿ ಬಂತು. ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳ ದಾಖಲೆಯಿಂದ ಕೋವಿಡ್ ಬಂದಿದ್ದ 1,54,000ಕ್ಕೂ ಹೆಚ್ಚು ಜನರನ್ನು ಒಂದು ವರ್ಷ ಹಿಂಬಾಲಿಸಿ ನೋಡಿದರು. ಹೊಟ್ಟೆ, ಕರುಳು, ಲಿವರ್, ಪಿತ್ತಕೋಶದ ತೊಂದರೆಗಳು ಕೋವಿಡ್ ಬಾರದವರಿಗಿಂತ ಅವರಲ್ಲಿ ಒಟ್ಟಾರೆ ಸುಮಾರು ಮೂರನೇ ಒಂದು ಪಾಲು ಹೆಚ್ಚಿದ್ದವು. ಮನೆಯಲ್ಲೇ ಗುಣವಾದವರಲ್ಲೂ ಏರಿಕೆ ಇತ್ತು, ಐಸಿಯುವಿನಲ್ಲಿದ್ದವರಲ್ಲಿ ಹೆಚ್ಚು ಇತ್ತು. ಆದರೆ ಅವರಲ್ಲಿ ಬಹುಪಾಲು ವಯಸ್ಸಾದ ಬಿಳಿಯ ಗಂಡಸರು. ಆ ಅಂಕಿಯನ್ನು ಹಾಗೇ ತಂದು ಹಲಸೂರಿನ ಹದಿನೇಳು ವರ್ಷದ ಹುಡುಗಿಗೆ ಅಂಟಿಸಿದರೆ ಲೆಕ್ಕ ತಪ್ಪುತ್ತದೆ.

ಅಪರೂಪಕ್ಕೆ, ಆದರೆ ನಿಜಕ್ಕೂ ಭಯಂಕರವಾಗಿ ಬರುವ ಒಂದು ಕಾಯಿಲೆ ಇದೆ. ಅದರ ಹೆಸರು ಪೋಸ್ಟ್ ಕೋವಿಡ್ ಕೊಲಾಂಜಿಯೋಪತಿ. ವೆಂಟಿಲೇಟರ್ ಮೇಲೆ ವಾರಗಟ್ಟಲೆ ಇದ್ದು ಬದುಕಿ ಬಂದ ಕೆಲವರಲ್ಲಿ ಲಿವರ್ ಒಳಗಿನ ಪಿತ್ತನಾಳಗಳು ಗಾಯವಾಗಿ, ಗಟ್ಟಿಯಾಗಿ, ಸಣ್ಣಗಾಗುತ್ತಾ ಹೋದವು. 2021ರಲ್ಲಿ ಅಮೆರಿಕದಿಂದ ಪ್ರಕಟವಾದ ಒಂದು ವರದಿಯಲ್ಲಿ ಆಸ್ಪತ್ರೆಗೆ ದಾಖಲಾಗಿದ್ದ 2,047 ಕೋವಿಡ್ ರೋಗಿಗಳಲ್ಲಿ 12 ಜನರಿಗೆ ಹೀಗಾಗಿತ್ತು. ಅವರಲ್ಲಿ 11 ಜನ ಗಂಡಸರು. ಕೋವಿಡ್ ಪತ್ತೆಯಾದ ಮೇಲೆ ಸರಾಸರಿ 118 ದಿನಕ್ಕೆ ಇದು ಗೊತ್ತಾಯಿತು. ಅಂದರೆ ಸುಮಾರು ನಾಲ್ಕು ತಿಂಗಳು! ಅಷ್ಟರೊಳಗೆ ಮನೆಯವರು ನೆಮ್ಮದಿಯಿಂದ ಆಸ್ಪತ್ರೆಯ ಫೈಲನ್ನು ಬೀರುವಿನ ಮೇಲೆ ಎಸೆದಿರುತ್ತಾರೆ. ಇವರಲ್ಲಿ ಕೆಲವರಿಗೆ ಲಿವರ್ ಕಸಿಯೇ ಬೇಕಾಗುವ ಹಂತ ಬಂತು. ಇಂಥವರಲ್ಲಿ ಎದ್ದು ಕಾಣುವ ಅಂಕಿ ಆಲ್ಕಲೈನ್ ಫಾಸ್ಫಟೇಸ್, ಅದು ಸಾವಿರ ದಾಟಿ ಹೋಗಿರುತ್ತದೆ. ಮೈಯೆಲ್ಲ ತುರಿಕೆ, ಹಳದಿ ಕಣ್ಣು ಅದರ ಗುರುತು. ನಾಲ್ಕು ದಿನ ಮನೆಯಲ್ಲಿ ಜ್ವರದಲ್ಲಿ ಮಲಗಿ ಎದ್ದವರು ಈ ಕಾಯಿಲೆಗೆ ಹೆದರಬೇಕಾಗಿಲ್ಲ.

ಇನ್ನು ನಮ್ಮ ದೇಶದಲ್ಲಿ ಕಂಡದ್ದು. 2021ರ ಜುಲೈನಲ್ಲಿ ದೆಹಲಿಯ ಸರ್ ಗಂಗಾರಾಮ್ ಆಸ್ಪತ್ರೆಯ ವೈದ್ಯರು ಎರಡು ತಿಂಗಳಲ್ಲಿ ಬಂದ 14 ರೋಗಿಗಳ ವಿಷಯ ಹೇಳಿದರು. ಎಲ್ಲರೂ ಎರಡನೇ ಅಲೆಯಲ್ಲಿ ಕೋವಿಡ್‌ನಿಂದ ಗುಣವಾದವರು. ಎಲ್ಲರ ಲಿವರ್‌ನಲ್ಲೂ ದೊಡ್ಡ ದೊಡ್ಡ ಕೀವಿನ ಗಡ್ಡೆಗಳು, ಒಬ್ಬರಲ್ಲಂತೂ 19 ಸೆಂಟಿಮೀಟರ್. ನಮ್ಮ ಹತ್ತಿರ ಇರುವ ಸಣ್ಣ ಸ್ಕೇಲಿಗಿಂತ ಉದ್ದ. 14 ಜನರಲ್ಲಿ 8 ಜನ ಕೋವಿಡ್‌ಗಾಗಿ ಸ್ಟೀರಾಯ್ಡ್ ತೆಗೆದುಕೊಂಡಿದ್ದರು. ಇಂಥ ಗಡ್ಡೆ ಮಾಡುವ ಅಮೀಬಾ ಕೊಳಕು ನೀರು, ಆಹಾರದಿಂದ ಬರುವ ಹಳೆಯ ಶತ್ರು. ಕೋವಿಡ್ ಮತ್ತು ಸ್ಟೀರಾಯ್ಡ್ ಎರಡೂ ದೇಹದ ಕಾವಲನ್ನು ಸಡಿಲ ಮಾಡಿದಾಗ ಅದಕ್ಕೆ ದಾರಿ ಸಿಕ್ಕಿರಬಹುದು ಎಂಬುದು ವೈದ್ಯರ ಊಹೆ. ಕೀವು ತೆಗೆದು, ಔಷಧಿ ಕೊಟ್ಟು ಹೆಚ್ಚಿನವರನ್ನು ಉಳಿಸಿದರು.

ಸ್ಟೀರಾಯ್ಡ್ ಹೆಸರು ಕೇಳಿದರೆ ಶಿವಾಜಿನಗರದವರಿಗೆ ನೆನಪಾಗುವುದು 2021ರ ಮೇ ತಿಂಗಳು, ಬೌರಿಂಗ್ ಆಸ್ಪತ್ರೆಯ ಬ್ಲಾಕ್ ಫಂಗಸ್ ವಾರ್ಡು. ಅಲ್ಲೂ ಅದೇ ಕಥೆ: ಸಕ್ಕರೆ ಕಾಯಿಲೆ, ಮೇಲಿಂದ ಲೆಕ್ಕವಿಲ್ಲದ ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆಮ್ಲಜನಕ ಬೇಕಾಗಿದ್ದ ರೋಗಿಗಳ ಜೀವ ಉಳಿಸಿದ್ದೇ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್. ತೊಂದರೆಯಾದದ್ದು ಆಮ್ಲಜನಕವೇ ಬೇಕಿಲ್ಲದವರು ವಾಟ್ಸಾಪ್‌ನಲ್ಲಿ ಬಂದ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತಂದು ನುಂಗಿದ್ದರಿಂದ. ಇದರಲ್ಲಿ ಲಿವರ್‌ಗೆ ಇನ್ನೊಂದು ಅಪಾಯ ಅಡಗಿದೆ. ಕೆಲವರ ದೇಹದಲ್ಲಿ ಹೆಪಟೈಟಿಸ್ ಬಿ ವೈರಸ್ ಗೊತ್ತೇ ಆಗದಂತೆ ವರ್ಷಗಟ್ಟಲೆ ಮಲಗಿರುತ್ತದೆ. ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಅದನ್ನು ಎಬ್ಬಿಸಬಹುದು.

ಈಗ ಕಷಾಯದ ವಿಷಯ. ಇದನ್ನು ಬರೆದರೆ ಮನೆಯಲ್ಲಿ ನಾನಿಗೆ ಇಷ್ಟವಾಗುವುದಿಲ್ಲ, ಆದರೂ ಬರೆಯಲೇಬೇಕು. ಕೋವಿಡ್ ಕಾಲದಲ್ಲಿ ಜಾತಿ ಧರ್ಮ ನೋಡದೆ ಎಲ್ಲರ ಮನೆಗೂ ಬಂದ ಬಳ್ಳಿ ಒಂದಿದ್ದರೆ ಅದು ಅಮೃತಬಳ್ಳಿ. ಹಿಂದಿ, ಉರ್ದುವಿನವರು ಗಿಲೋಯ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಜೋಶಾಂದಾ ಜೊತೆಗೆ ಅದೂ ಕುದಿಯುತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಆಯುಷ್ ಸಚಿವಾಲಯದ ಕೋವಿಡ್ ಮಾರ್ಗಸೂಚಿಯಲ್ಲೂ ಅದರ ಹೆಸರಿತ್ತು. ಅದೇ ವರ್ಷ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬೈನ ವೈದ್ಯರಿಗೆ ಕಾಮಾಲೆಯೊಂದಿಗೆ ಬಂದ ಆರು ರೋಗಿಗಳಲ್ಲಿ ಒಂದು ಸಮಾನ ಅಂಶ ಕಂಡಿತು: ಆರೂ ಜನ ಅಮೃತಬಳ್ಳಿ ಸೇವಿಸುತ್ತಿದ್ದರು. ಅವರ ರೋಗನಿರೋಧಕ ಶಕ್ತಿ ಅವರದೇ ಲಿವರಿನ ಮೇಲೆ ತಿರುಗಿ ಬಿದ್ದಿತ್ತು. 2021ರಲ್ಲಿ ಇದು ಪ್ರಕಟವಾದಾಗ ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅದು ನಿಜವಾದ ಅಮೃತಬಳ್ಳಿ ಅಲ್ಲದೆ ನೋಡಲು ಹಾಗೇ ಇರುವ ಬೇರೆ ಜಾತಿಯ ಬಳ್ಳಿ ಇರಬಹುದು, ಗಿಡವನ್ನು ಸರಿಯಾಗಿ ಗುರುತಿಸಿಲ್ಲ ಎಂದಿತು. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಸೇರಿ 43 ರೋಗಿಗಳ ವಿವರ ಪ್ರಕಟಿಸಿದರು. ಅಮೃತಬಳ್ಳಿ ಶುರುಮಾಡಿದ ಮೇಲೆ ಲಕ್ಷಣ ಕಾಣಿಸಲು ಹಿಡಿದ ಅವಧಿಯ ಮಧ್ಯಮಾಂಕ 46 ದಿನ (ಸ್ಟ್ಯಾಟಿಸ್ಟಿಕ್ಸ್ ಓದುವವರಿಗೆ ಮಧ್ಯಮಾಂಕ ಎಂದರೇನೆಂದು ಹೇಳಬೇಕಿಲ್ಲ). ಮೂರರಲ್ಲಿ ಎರಡು ಪಾಲು ಜನ ಸೇವಿಸಿದ್ದು ಯಾವ ಕಂಪನಿಯ ಹೆಸರೂ ಇಲ್ಲದ, ಬಿಡಿಯಾಗಿ ಸಿಗುವ ಬಳ್ಳಿ.

ಸಚಿವಾಲಯದ ಆಕ್ಷೇಪಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅದರಿಂದ ಕಷಾಯ ಕುಡಿಯುವವರಿಗೆ ಏನು ಧೈರ್ಯ ಬಂತು? ರಸೆಲ್ ಮಾರ್ಕೆಟ್ ಹತ್ತಿರವೋ ಕೆ.ಆರ್. ಪುರ ಸಂತೆಯಲ್ಲೋ ಕೊಂಡ ಒಣಗಿದ ಕಡ್ಡಿ ಯಾವ ಜಾತಿಯದು ಎಂದು ನಾನಿಗೂ ಗೊತ್ತಾಗುವುದಿಲ್ಲ, ಮಾರುವವನಿಗೂ ಗೊತ್ತಾಗುವುದಿಲ್ಲ. ಕೋಟಿಗಟ್ಟಲೆ ಜನ ಕುಡಿದರು, ಹೆಚ್ಚಿನವರಿಗೆ ಏನೂ ಆಗಲಿಲ್ಲ, ಅದೂ ನಿಜ. ಆದರೆ ಮೊದಲೇ ಥೈರಾಯ್ಡ್, ಸಕ್ಕರೆ ಕಾಯಿಲೆ ಅಥವಾ ಬಚ್ಚಿಟ್ಟುಕೊಂಡ ಲಿವರ್ ಕಾಯಿಲೆ ಇರುವವರು ತಿಂಗಳುಗಟ್ಟಲೆ ಕುಡಿಯುವುದು ಬೇರೆ ಮಾತು. ಕೋವಿಡ್ ಆದ ಮೇಲೆ ಎಸ್‌ಜಿಪಿಟಿ ಏರಿದೆ ಎಂದು ಲಿವರ್ ಕ್ಲೀನ್ ಮಾಡಲು ಇದನ್ನೇ ಕುಡಿದರೆ, ಏರಿದ ಅಂಕಿ ಕೋವಿಡ್‌ನದೋ ಕಷಾಯದ್ದೋ ಎಂದು ಬಿಡಿಸಲು ಡಾಕ್ಟರಿಗೂ ಕಷ್ಟ.

ನಮ್ಮ ಮಾಮುವಿಗೆ ಆದದ್ದು ಇದೇ. ಕೆ.ಆರ್. ಪುರದಲ್ಲಿರುವ ಅವರು 2021ರ ಮೇನಲ್ಲಿ ಕೋವಿಡ್‌ನಿಂದ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಮೂರು ತಿಂಗಳ ನಂತರ ಟೆಸ್ಟ್ ಮಾಡಿಸಿದಾಗ ಎಸ್‌ಜಿಪಿಟಿ 112. ಹೊಸ ಡಾಕ್ಟರು ಮೊದಲು ಹೇಳಿದ ಮಾತು ಔಷಧಿಯದ್ದಲ್ಲ. ‘ಮನೆಯಲ್ಲಿ ನೀವು ತೆಗೆದುಕೊಳ್ಳುವುದನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ಕಷಾಯದ ಪುಡಿ ಕೂಡ’ ಎಂದರು. ಚೀಲದಿಂದ ಹೊರಬಂದವು ಅಮೃತಬಳ್ಳಿ ಪುಡಿ, ಇಬ್ಬರು ಬೇರೆ ಬೇರೆ ನೆಂಟರು ಕೊಟ್ಟ ಎರಡು ಲಿವರ್ ಟಾನಿಕ್, ಜಿಮ್‌ನವರೊಬ್ಬರು ಕೊಟ್ಟ ಪುಡಿ, ಆಸ್ಪತ್ರೆಯವರು ಯಾವಾಗಲೋ ನಿಲ್ಲಿಸಿ ಎಂದಿದ್ದ ಒಂದು ಮಾತ್ರೆ. ಡಾಕ್ಟರು ಎಲ್ಲ ನಿಲ್ಲಿಸಿದರು. ಆರು ವಾರಕ್ಕೆ ಅಂಕಿ ಐವತ್ತಕ್ಕೆ ಇಳಿಯಿತು. ಯಾವುದರಿಂದ ಏರಿತ್ತು ಎಂದು ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಕಂಡಿತು, ಅದಕ್ಕೆ ಚೀಲದಲ್ಲಿ ಮದ್ದಿರಲಿಲ್ಲ. ಮಾಮು ಈಗ ದಿನಾ ಸಂಜೆ ನಡೆಯುತ್ತಾರೆ, ಬಿರಿಯಾನಿ ವಾರಕ್ಕೊಮ್ಮೆ. ಅಂಗಡಿಯಲ್ಲಿ ಕಾಸು ಕೊಟ್ಟು ತರಬಹುದಾದ ಮದ್ದನ್ನು ಬಿಡುವುದಕ್ಕಿಂತ ಇದು ಅವರಿಗೆ ಹೆಚ್ಚು ಕಷ್ಟವಾಗಿದೆ.

ಫ್ಯಾಟಿ ಲಿವರ್ ಬಗ್ಗೆ ಒಂದು ಮಾತು. ಕುಡಿಯದವರಿಗೆ ಲಿವರ್ ಕಾಯಿಲೆ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಜನರಲ್ಲಿ ಬಲವಾಗಿದೆ. ‘ನಾವು ಮುಟ್ಟುವುದೇ ಇಲ್ಲವಲ್ಲ’ ಎನ್ನುತ್ತಾರೆ. ಮದ್ಯ ಮುಟ್ಟದವರಿಗೂ ಬೊಜ್ಜು, ಸಕ್ಕರೆ, ಕೂತಲ್ಲೇ ಕೂರುವ ಅಭ್ಯಾಸದಿಂದ ಲಿವರ್‌ನಲ್ಲಿ ಕೊಬ್ಬು ತುಂಬುತ್ತದೆ. ಭಾರತದಲ್ಲಿ ಶೇಕಡಾ 9ರಿಂದ 32ರಷ್ಟು ಜನರಿಗೆ ಇದು ಇದೆ ಎಂದು 2021ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಹೇಳಿ, ಸಕ್ಕರೆ ಕಾಯಿಲೆ, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದನ್ನೂ ಸೇರಿಸಿತು. ಲಾಕ್‌ಡೌನ್‌ನಲ್ಲಿ ಮನೆಯಲ್ಲೇ ಕೂತು ಎಷ್ಟು ಜನ ದಪ್ಪಗಾದರೋ! ಕೋವಿಡ್ ನಂತರ ಎಂದು ನಾವು ಕರೆಯುವ ಎಷ್ಟೋ ಲಿವರ್ ತೊಂದರೆ ಕೋವಿಡ್‌ಗಿಂತ ಮೊದಲೇ ಇದ್ದು, ಕೋವಿಡ್ ಕಾಲದಲ್ಲಿ ಮೊದಲ ಸಲ ರಕ್ತ ಪರೀಕ್ಷೆ ಮಾಡಿಸಿದ್ದರಿಂದ ಕಣ್ಣಿಗೆ ಬಿದ್ದದ್ದು.

ಡೋಲೋ 650 ನಮ್ಮ ಬೆಂಗಳೂರಿನದೇ ಕಂಪನಿಯ ಮಾತ್ರೆ, ಒಳಗಿರುವುದು ಪ್ಯಾರಸಿಟಮಾಲ್. ಮಾತ್ರೆಯಲ್ಲಿ ದೋಷವಿಲ್ಲ, ಸರಿಯಾದ ಅಳತೆಯಲ್ಲಿ ಅದು ಸುರಕ್ಷಿತ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. 650ರ ಆರು ಮಾತ್ರೆ ನುಂಗಿದರೆ 3.9 ಗ್ರಾಂ, ಅಲ್ಲಿಗೇ ಗಡಿ ಬಂತು. ತೊಂದರೆ ಎಂದರೆ ನೆಗಡಿಯ ಅನೇಕ ಮಾತ್ರೆ, ಸಿರಪ್‌ಗಳಲ್ಲೂ ಬೇರೆ ಹೆಸರಿನಲ್ಲಿ ಪ್ಯಾರಸಿಟಮಾಲೇ ಇರುತ್ತದೆ. ಒಂದೇ ಸಾಲವನ್ನು ಎರಡು ಪುಸ್ತಕದಲ್ಲಿ ಬರೆದ ಹಾಗೆ. ಮಿತಿ ಮೀರಿದಾಗ ಅದರಿಂದ ಹುಟ್ಟುವ ವಿಷವಸ್ತುವನ್ನು ತೊಳೆಯಲು ಲಿವರ್‌ನಲ್ಲಿರುವ ಗ್ಲುಟಾಥಯೋನ್ ಸಾಲದೆ ಕೋಶಗಳು ಸಾಯುತ್ತವೆ. ಜ್ವರ ಬಂದಾಗ ಮಾತ್ರೆಯ ಹಿಂದಿನ ಸಣ್ಣ ಅಕ್ಷರ ಓದುವುದಕ್ಕೆ ಅರ್ಧ ನಿಮಿಷ ಸಾಕು. ಉಪವಾಸ, ವಾಂತಿಯಿಂದ ಸೊರಗಿದವರಿಗೂ, ಲಿವರ್ ಕಾಯಿಲೆ ಇರುವವರಿಗೂ ಮಿತಿ ಇನ್ನೂ ಕಡಿಮೆ, ಅದನ್ನು ಡಾಕ್ಟರೇ ಹೇಳಬೇಕು.

ಹಾಗೆಂದು ಎಲ್ಲವನ್ನೂ ಕೋವಿಡ್ ಖಾತೆಗೆ ಬರೆಯಬಾರದು. 2022ರ ಏಪ್ರಿಲ್‌ನಲ್ಲಿ ಬ್ರಿಟನ್‌ನಿಂದ ಶುರುವಾಗಿ ಹಲವು ದೇಶಗಳ ಸಣ್ಣ ಮಕ್ಕಳಲ್ಲಿ ಕಾರಣ ತಿಳಿಯದ ಹೆಪಟೈಟಿಸ್ ಕಂಡಾಗ ಕೆಲವರು ಕೋವಿಡ್ ಎಂದರು, ಕೆಲವರು ಲಸಿಕೆ ಎಂದರು. ಕಾಯಿಲೆ ಬಿದ್ದ ಮಕ್ಕಳಲ್ಲಿ ಹೆಚ್ಚಿನವರು ಲಸಿಕೆಯ ವಯಸ್ಸಿಗೇ ಬಂದಿರಲಿಲ್ಲ. ಮುಂದೆ ಸಂಶೋಧಕರು ಬೇರೆ ವೈರಸ್‌ಗಳ ಕಡೆ ಬೆರಳು ತೋರಿಸಿದರು. ನಮ್ಮಲ್ಲಿ ಹದಿಹರೆಯದವರಿಗೆ ಕಾಮಾಲೆ ಬಂದರೆ ಸಾಮಾನ್ಯ ಕಾರಣ ಇಂದಿಗೂ ಕೊಳಕು ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಮತ್ತು ಇ. ನಮ್ಮ ಮನೆಯಲ್ಲಿ ಕಾಮಾಲೆಗೆ ಯರ್ಖಾನ್ ಎನ್ನುತ್ತಾರೆ. ಯರ್ಖಾನ್ ಎಂದರೆ ಕೊರಳಿಗೆ ಕಡ್ಡಿಯ ಹಾರ ಹಾಕುವವರು, ತೋಳಿಗೆ ಬರೆ ಹಾಕುವವರು ಇನ್ನೂ ಇದ್ದಾರೆ. ಹೆಪಟೈಟಿಸ್ ಎ ಹೆಚ್ಚಿನವರಲ್ಲಿ ತಾನಾಗಿಯೇ ವಾಸಿಯಾಗುವುದರಿಂದ ಹಾರಕ್ಕೆ ಹೆಸರು ಬರುತ್ತದೆ. ಬರೆಯ ಗುರುತು ಮಾತ್ರ ಉಳಿಯುತ್ತದೆ.

ಯಾವಾಗ ತಡಮಾಡದೆ ಹೋಗಬೇಕು? ಕಣ್ಣಿನ ಬಿಳಿಭಾಗ ಹಳದಿಯಾದರೆ, ಮೂತ್ರ ಸುಲೈಮಾನಿ ಚಹಾದ ಬಣ್ಣಕ್ಕೆ ತಿರುಗಿದರೆ, ಮಲ ಬಿಳಿಚಿಕೊಂಡರೆ, ಕಾರಣವಿಲ್ಲದೆ ಮೈ ತುರಿಸಿದರೆ, ಬಲಪಕ್ಕೆಯ ನೋವಿನ ಜೊತೆ ಚಳಿಜ್ವರ ಬಂದರೆ. ಹಳದಿ ಬಣ್ಣದ ಜೊತೆಗೆ ಮಾತು ತಪ್ಪುವುದು, ಮಂಪರು, ರಕ್ತ ವಾಂತಿ ಇದ್ದರೆ ಅದು ತುರ್ತು, ಆ ರಾತ್ರಿಯೇ ಹೋಗಬೇಕು. ಲಿವರ್ ಟೆಸ್ಟಿಗೆ ದೊಡ್ಡ ಆಸ್ಪತ್ರೆ ಹುಡುಕಬೇಕಿಲ್ಲ. ಈ ಕಡೆಯವರಿಗೆ ಬೌರಿಂಗ್ ಇದೆ, ಇಂದಿರಾನಗರದವರಿಗೆ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದವರಿಗೆ ಅಲ್ಲಿನ ಸಾರ್ವಜನಿಕ ಆಸ್ಪತ್ರೆ. ಹೋಗುವಾಗ ಹಳೆಯ ರಿಪೋರ್ಟು ಮತ್ತು ಆ ಚೀಲ ಜೊತೆಯಲ್ಲಿರಲಿ. ಒಂದು ದಿನದ ಅಂಕಿಗಿಂತ ಎರಡು ಮೂರು ತಿಂಗಳ ಅಂಕಿಗಳು ಏರುತ್ತಿವೆಯೋ ಇಳಿಯುತ್ತಿವೆಯೋ ಎಂಬುದು ಡಾಕ್ಟರಿಗೆ ಹೆಚ್ಚು ಉಪಯೋಗ.

ಕೊನೆಯದಾಗಿ ನಮ್ಮ ವಯಸ್ಸಿನವರೇ ಮಾಡಬೇಕಾದ ಒಂದು ಕೆಲಸ ಇದೆ. ಹೆಪಟೈಟಿಸ್ ಬಿ ಲಸಿಕೆ ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ದೇಶದ ಎಲ್ಲ ಕಡೆಗೂ ವಿಸ್ತರಿಸಿದ್ದು 2011ರಲ್ಲಿ. ನಮ್ಮಲ್ಲಿ ಹೆಚ್ಚಿನವರು ಅದಕ್ಕಿಂತ ಮೊದಲು ಹುಟ್ಟಿದವರು. ಕೆಲವರಿಗೆ ಸಿಕ್ಕಿದೆ, ಕೆಲವರಿಗೆ ಸಿಕ್ಕಿಲ್ಲ. ಅಮ್ಮಿಯ ಹತ್ತಿರ ನಿಮ್ಮ ಲಸಿಕೆ ಕಾರ್ಡ್ ಕೇಳಿ ನೋಡಿ. ಅದರಲ್ಲಿ ಹೆಪಟೈಟಿಸ್ ಬಿ ಮುಂದೆ ಮೂರು ತಾರೀಕು ಇರಬೇಕು. ಇಲ್ಲದಿದ್ದರೆ ಈಗಲೂ ಹಾಕಿಸಿಕೊಳ್ಳಬಹುದು: ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಮೊದಲ ಡೋಸ್‌ನಿಂದ ಆರು ತಿಂಗಳಿಗೆ ಮೂರನೆಯದು. ಮನೆಯಲ್ಲಿ ಯಾರಿಗಾದರೂ ಈ ವೈರಸ್ ಇದೆ ಎಂದು ತಿಳಿದಿದ್ದರೆ ಲಸಿಕೆಗೆ ಮೊದಲು ರಕ್ತ ಪರೀಕ್ಷೆ ಮಾಡಿಸಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಆ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.